ದೃಷ್ಟಿ ಡಬ್ಬಿಯ ಡಾಕ್ಟರಮ್ಮ

ನಾಯಿಯ ಊಟವನ್ನು ಟೀ ಜೊತೆ ನಂಚಿಕೊಂಡು ತಿನ್ನುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಹೋದ ತಿಂಗಳು ತೀರಿಕೊಂಡರು. ಸಾವಿಗೆ ಕಾರಣ ಹೃದಯ, ಆ ಊಟವಲ್ಲ ಎಂದು ಅವರ ಪರವಾಗಿ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮೇಲಿನಿಂದಲೇ ಬೈಯುತ್ತಾರೆ.

ಹೆಸರು ಬರೆಯುವುದಿಲ್ಲ. ನನಗೆ ಅವರು ಯಾವತ್ತೂ ಮೇಡಂ. ಪೀಣ್ಯದಲ್ಲಿ, ಒಂದು ಕಡೆ ಸ್ಪ್ರಿಂಗ್ ಮಾಡುವ ಶೆಡ್ಡು, ಇನ್ನೊಂದು ಕಡೆ ಪೌಡರ್ ಕೋಟಿಂಗ್ ಮಾಡುವ ಶೆಡ್ಡು, ಎರಡರ ನಡುವೆ ನಮ್ಮದು ಸಾಕುನಾಯಿಗಳ ಆಹಾರ ತಯಾರಿಸುವ ಸಣ್ಣ ಕಾರ್ಖಾನೆ. ಊರ ಹೊರಗೆಲ್ಲ ಅಪಾರ್ಟ್‌ಮೆಂಟುಗಳು ಎದ್ದು, ಒಂದೊಂದು ಬಾಲ್ಕನಿಯಲ್ಲೂ ಒಂದೊಂದು ನಾಯಿ ಮೂತಿ ಕಾಣತೊಡಗಿದ್ದ ಕಾಲ ಅದು. ಪಶುವೈದ್ಯ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ಮೇಡಂ ನಮ್ಮ ಸಂಶೋಧನಾ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ವಿಭಾಗ ಎಂದರೆ ಅವರು, ನಾನು ಮತ್ತು ಬಾಗಿಲು ಸರಿಯಾಗಿ ಮುಚ್ಚದ ಒಂದು ಫ್ರಿಜ್ಜು.

ನಾನು ಬಾಗಲಗುಂಟೆಯವನು. ಅದಕ್ಕೂ ಮೊದಲು ಮನುಷ್ಯರು ತಿನ್ನುವ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುತ್ತಿದ್ದೆ. ನಾಯಿ ಕಂಡರೆ ನನ್ನ ಪ್ರಾಣ ಬಾಯಿಗೆ ಬರುತ್ತದೆ. ಸಂದರ್ಶನದಲ್ಲಿ ಮುಚ್ಚಿಡದೆ ಹೇಳಿಬಿಟ್ಟೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಹೆದರೋನ ಬೇಕು ನನಗ. ನಾಯಿ ಕಂಡಕೂಡ್ಲೆ ಮುದ್ದು ಮಾಡೋ ಮಂದಿ ತೂಕ ಸರಿ ಬರಿಯಂಗಿಲ್ಲ. ನಾಳೆಯಿಂದ ಬಾ."

ಅವರು ಹಾವೇರಿ ಕಡೆಯವರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ದೊಡ್ಡ ಗಂಟಲು, ಅದಕ್ಕೆ ತಕ್ಕ ದೊಡ್ಡ ಶರೀರ. ಬೆಂಗಳೂರಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಸಿಟ್ಟು ಬಂದರೆ ಮಾತು ಸೀದಾ ಊರಿಗೆ ಬಸ್ಸು ಹತ್ತುತ್ತಿತ್ತು. ಸಿಟ್ಟು ದಿನಾ ಬರುತ್ತಿದ್ದುದರಿಂದ ಅವರ ಬೆಂಗಳೂರು ಕನ್ನಡ ಕೇಳಿದವರು ಕಡಿಮೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು ಕೋಳಿ ಪುಡಿಯ ಮೂಟೆಗಳ ನಡುವೆ ಮೂಗಿಗೆ ಸೆರಗು ಹಿಡಿದು ಓಡಾಡುತ್ತಿದ್ದರು. "ಅಲ್ಲ ಮೇಡಂ, ನಿಮಗೆ ಕಷ್ಟ ಆಗಲ್ವಾ?" ಎಂದು ಒಮ್ಮೆ ಕೇಳಿದೆ. "ತಿನ್ನೋದು ನಾಯಿ, ಮಾರೋರು ಕಂಪನಿ ಎಂ.ಡಿ. ನಾ ಬರೇ ಪ್ರೋಟೀನ್ ಲೆಕ್ಕ ಹಾಕ್ತೀನಿ. ಕಷ್ಟ ಏನಿದ್ರೂ ಕೋಳಿಗೆ" ಎಂದರು.

ಅವರ ವಿಜ್ಞಾನದ ಅರ್ಧ ಭಾಗ ಹೇಸಿಗೆಯದು. ನಾಯಿಗೆ ಹಾಕಿದ ಆಹಾರ ಮೈಗೆ ಹತ್ತಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಹಿಂದುಗಡೆಯಿಂದ ಬಂದದ್ದನ್ನು ನೋಡಬೇಕಂತೆ. ನೋಡುವವರು ಅವರು, ತರುವವನು ನಾನು. ಪ್ಲಾಸ್ಟಿಕ್ ಚೀಲ ಹಿಡಿದು ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ನಾಯಿಗಳ ಹಿಂದೆ ಹಿಂದೆ ನಡೆಯುತ್ತಿದ್ದೆ. ನಾನು ಸ್ವಚ್ಛತೆಗೆ ಬಂದವನೆಂದು ತಿಳಿದ ನಿವಾಸಿಗಳ ಸಂಘದವರು ನನಗೊಂದು ಹೂಗುಚ್ಛ ಕೊಟ್ಟು ಫೋಟೋ ತೆಗೆಸಿಕೊಂಡರು. ಚೀಲಗಳು ಮೇಜಿನ ಮೇಲೆ ಸಾಲಾಗಿ ಕೂತ ಮೇಲೆ ಮೇಡಂ ಗಟ್ಟಿ ಎಷ್ಟು, ಮೆತ್ತಗೆ ಎಷ್ಟು ಎಂದು ಅಂಕ ಹಾಕುತ್ತಿದ್ದರು. "ಇದಕ್ಕ ಎಷ್ಟು ಕೊಡ್ತಿಯೋ ತಮ್ಮಾ? ಫಸ್ಟ್ ಕ್ಲಾಸ್ ಐತಿ ನೋಡು" ಎಂದು ನನ್ನ ಅಭಿಪ್ರಾಯವನ್ನೂ ಕೇಳುವರು. ಆಮೇಲೆ ಕೈ ತೊಳೆದು, ಅದೇ ಕೋಣೆಯಲ್ಲಿ ಜೋಳದ ರೊಟ್ಟಿಯ ಗಂಟು ಬಿಚ್ಚುವರು. ನಾನು ಆ ಕೆಲಸಕ್ಕೆ ಸೇರಿದ ಮೇಲೆ ಸಣ್ಣಗಾದೆ; ಮನೆಯವರು ಅದನ್ನು ಕೆಲಸದ ಒತ್ತಡ ಎಂದುಕೊಂಡರು.

ಇನ್ನು ಆ ಟೀ ವಿಷಯ. ಸ್ಥೂಲಕಾಯದ ನಾಯಿಗಳಿಗೆಂದು ಮೇಡಂ ಒಂದು ಪಥ್ಯದ ಆಹಾರ ಕಂಡುಹಿಡಿದಿದ್ದರು. ಸೋಯಾ, ಹುರುಳಿ, ರಾಗಿ ಹೊಟ್ಟು, ಜೊತೆಗೆ ನಾಯಿಗೆ ಬೇಕಾದ ಜೀವಸತ್ವಗಳು, ಪೂರ್ತಿ ಸಸ್ಯಾಹಾರ. ಗೋಲಿ ಗಾತ್ರದ ಕಂದು ಬಣ್ಣದ ಉಂಡೆಗಳು. ಅಷ್ಟು ಕಾಲ ತಾವು ಮಾಡಿದ್ದನ್ನು ತಾವೇ ರುಚಿ ನೋಡಲಾಗದೆ ಒದ್ದಾಡಿದ್ದ ಮೇಡಂಗೆ ಹಬ್ಬವಾಯಿತು. ಟೀ ಬಂದ ಕೂಡಲೇ ನಾಲ್ಕು ಉಂಡೆ ಬಾಯಿಗೆ. ಕಟಕಟ ಸದ್ದು ಪಕ್ಕದ ಸ್ಪ್ರಿಂಗ್ ಶೆಡ್ಡಿನವರೆಗೂ ಕೇಳುತ್ತಿತ್ತು. "ಉಪ್ಪು ಒಂದು ಕಡಿಮಿ ನೋಡು, ಇಲ್ಲಾಂದ್ರ ಸಂಜಿ ಚುರುಮುರಿಗೆ ಹಾಕಬಹುದಿತ್ತು" ಎನ್ನುವರು. ಬಂದ ಅತಿಥಿಗಳಿಗೂ ತಟ್ಟೆ ಚಾಚುವರು; ಅದೇನೆಂದು ತಿಂದ ಮೇಲೆ ಹೇಳುವರು.

ಆ ಪಥ್ಯದ ಆಹಾರವನ್ನು ಪರೀಕ್ಷೆ ಮಾಡಬೇಕಿತ್ತು. ಮೇಡಂ ವಾಸವಿದ್ದದ್ದು ಮಹದೇವಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿನ ನಾಯಿಗಳೆಲ್ಲ ಯಜಮಾನರ ಹಾಗೇ ಉಂಡು ಲಿಫ್ಟಿನಲ್ಲಿ ಇಳಿಯುವ ಜಾತಿ. ದಪ್ಪ ನಾಯಿಗಳ ಮನೆಯವರನ್ನೆಲ್ಲ ಮೇಡಂ ಗದರಿಸಿ ಒಪ್ಪಿಸಿದರು. ನಿಯಮ ಒಂದೇ: ನಾವು ಅಳೆದು ಕೊಟ್ಟದ್ದನ್ನು ಹಾಕಬೇಕು, ಬೇರೆ ಏನೂ ಕೊಡಕೂಡದು. ತಿಂಗಳಿಗೊಮ್ಮೆ ನಾನು ಹೋಗಿ ತೂಕ ನೋಡಬೇಕು. ನಾಯಿ ತಕ್ಕಡಿಯ ಮೇಲೆ ನಿಲ್ಲುವುದಿಲ್ಲವಲ್ಲ, ಅದಕ್ಕೆ ಮೊದಲು ನಾನೊಬ್ಬನೇ ನಿಲ್ಲಬೇಕು, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಕಳೆಯಬೇಕು. ನಾನು ನಡುಗುತ್ತಿದ್ದರೆ ಮುಳ್ಳೂ ನಡುಗುತ್ತಿತ್ತು. ನನ್ನ ತೂಕ ಎಷ್ಟೆಂದು ಆ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನಿಗೂ ಬಾಯಿಪಾಠ ಆಯಿತು.

ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡೇ ಪಿಳ್ಳಮ್ಮನ ಮನೆ. ಅವರದು ಆ ಊರಿನ ಹಳೇ ಕುಟುಂಬ. ತಾರಸಿ ಮೇಲೆ ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿದ್ದ ಹುಡುಗರು ಖಾಲಿ ಮಾಡುವಾಗ ಒಂದು ಕೆಟ್ಟ ಕೂಲರ್ ಮತ್ತು ಒಂದು ಲ್ಯಾಬ್ರಡಾರ್ ನಾಯಿ ಬಿಟ್ಟುಹೋದರು. ಕೂಲರನ್ನು ಪಿಳ್ಳಮ್ಮ ಗುಜರಿಗೆ ಹಾಕಿದರು, ನಾಯಿಯನ್ನು ಸಾಕಿದರು. ಹೆಸರು ಬ್ರೂನೋ. ಅವರ ಪ್ರೀತಿಯೆಲ್ಲ ಅದರ ಮೈಯಲ್ಲಿ ಕೊಬ್ಬಾಗಿ ಕೂತಿತ್ತು. ನಾವು ನೋಡುವ ಹೊತ್ತಿಗೆ ಅದರ ಹಿಂಗಾಲುಗಳು ಕೈಬಿಟ್ಟಿದ್ದವು. ಉಚ್ಚೆಗೆ ಹೋಗಬೇಕೆಂದರೆ ಪಿಳ್ಳಮ್ಮ ಹಳೇ ಟವೆಲ್ಲನ್ನು ಹೊಟ್ಟೆಯ ಕೆಳಗೆ ತೂರಿಸಿ ಎತ್ತಿ ಹಿಡಿಯಬೇಕಿತ್ತು. ಪೇಟೆಯ ಕ್ಲಿನಿಕ್ಕಿನವರು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ ಎಂದಿದ್ದರಂತೆ.

"ದೀಪಾವಳಿಗಂಟ ನೋಡ್ತೀನಿ. ಅಷ್ಟರಲ್ಲಿ ಏಳಲಿಲ್ಲ ಅಂದ್ರೆ ಕಳಿಸ್ಬಿಡ್ತೀನಿ. ಇಂಗೆ ನರಳೋದ ನೋಡಕ್ಕಾಗಕ್ಕಿಲ್ಲ ಕಣವ್ವ" ಎಂದು ಪಿಳ್ಳಮ್ಮ ಕಣ್ಣೊರೆಸಿಕೊಂಡರು.

ಮೇಡಂ ಬಗ್ಗಿ ಬ್ರೂನೋನ ಸೊಂಟ, ಮಂಡಿ ಎಲ್ಲ ಒತ್ತಿ ನೋಡಿದರು. ಏಳುವಾಗ ಅವರನ್ನೂ ಎತ್ತಬೇಕಾಯಿತು. "ಇದರ ಎಲುಬು ಏನೂ ಮುರದಿಲ್ಲ ಪಿಳ್ಳಮ್ಮಾ. ಮೈ ಹೊರಲಾರದ ಕಾಲು ಕುಂತಾವು. ತೂಕ ಇಳದ್ರ ಏಳತೈತಿ. ಏಳಸ್ತೀನಿ, ಮಾತು ಕೊಟ್ಟೆ" ಎಂದರು. ಹಾಗೆ ಮಾತು ಕೊಡುವುದು ಅವರ ಅಭ್ಯಾಸವಲ್ಲ. ಆಟೋದಲ್ಲಿ ಬರುವಾಗ ಅವರ ಮುಖ ಸಣ್ಣದಾಗಿತ್ತು. "ದುಡುಕಿಬಿಟ್ಟೆ ಏನೋ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು!

ಬ್ರೂನೋನನ್ನು ಎತ್ತಿಕೊಂಡು ನಿಲ್ಲುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ಬೀದಿ ಕೊನೆಯ ಗುಜರಿ ಅಂಗಡಿಯವನ ತಳ್ಳುಗಾಡಿ ತರಿಸಿ, ಬೆಡ್‌ಶೀಟಿನಲ್ಲಿ ಎತ್ತಿ ಮಲಗಿಸಿ, ಹಳೇ ಕಬ್ಬಿಣ ತೂಗುವ ತಕ್ಕಡಿಯಲ್ಲಿ ತೂಗುತ್ತಿದ್ದೆವು. ಅದು ಮೆರವಣಿಗೆ ಹೊರಟ ದೇವರ ಗತ್ತಿನಲ್ಲಿ ಎರಡೂ ಕಡೆ ನೋಡುತ್ತ ಹೋಗುತ್ತಿತ್ತು.

ಮೊದಲ ತಿಂಗಳು ಯಾವ ನಾಯಿಯೂ ಇಳಿಯಲಿಲ್ಲ. ಎರಡನೇ ತಿಂಗಳು ಕೆಲವು ಏರಿದವು. ಬ್ರೂನೋ ಎಲ್ಲರಿಗಿಂತ ಮುಂದೆ. ಮೇಡಂ ಲೆಕ್ಕವನ್ನು ತಿರುಗಿಸಿ ಮುರುಗಿಸಿ ನೋಡಿದರು, ಹುರುಳಿ ಹೆಚ್ಚಾಯಿತೇ, ಹೊಟ್ಟು ಕಡಿಮೆಯಾಯಿತೇ ಎಂದು ತಲೆ ಚಚ್ಚಿಕೊಂಡರು. ಮನೆಮನೆಗೆ ಹೋಗಿ ಕೇಳಿದರೆ ಎಲ್ಲರೂ ದೇವರ ಆಣೆ ಹಾಕಿದರು. ಒಬ್ಬ ಬ್ಯಾಂಕ್ ಮ್ಯಾನೇಜರು ಮಗಳ ತಲೆ ಮುಟ್ಟಿ ಹೇಳಿದರು, "ನೀವು ಕೊಟ್ಟಿದ್ದು ಬಿಟ್ಟು ಒಂದು ಕಾಳು ಕೊಟ್ಟಿಲ್ಲ ಮೇಡಂ." ಪಕ್ಕದಲ್ಲಿ ಅವರ ಪಗ್ ನಾಯಿ ತುಪ್ಪದ ವಾಸನೆಯ ಮೂತಿ ನೆಕ್ಕಿಕೊಳ್ಳುತ್ತಿತ್ತು.

ಕಾರ್ಖಾನೆಯ ಯಜಮಾನರಾದ ಎಂ.ಡಿ.ಗೆ ಈ ಆಹಾರವನ್ನು ಬೇಗ ಅಂಗಡಿಗೆ ಬಿಡಬೇಕಿತ್ತು. ಅವರು ಮೇಡಂನ ಕರೆಸಿ, "ಆ ಲ್ಯಾಬ್ರಡಾರ್‌ನ ಲಿಸ್ಟ್‌ನಿಂದ ತೆಗೆದುಬಿಡಿ ಮೇಡಂ. ಅದೊಂದರಿಂದ ಆವರೇಜ್ ಹಾಳಾಗ್ತಿದೆ. ಹೇಗೂ ಅದು ಹೋಗೋ ನಾಯಿ" ಎಂದರು.

ಮೇಡಂ ಎಂ.ಡಿ.ಯನ್ನು ಹೊಟ್ಟೆಯಿಂದ ತಲೆಯವರೆಗೆ ನಿಧಾನವಾಗಿ ನೋಡಿದರು. "ಆವರೇಜ್ ಹಾಳು ಮಾಡೋ ದಪ್ಪನವರನ್ನೆಲ್ಲ ತೆಗಿಯೋದಾದ್ರ ಈ ಕೋಣಿಯಿಂದ ಶುರು ಮಾಡೂಣ್ರಿ ಸರ. ಮೊದಲು ನೀವು, ಹಿಂದಿಂದ ನಾನು. ಈ ಹುಡುಗ ಒಬ್ಬನ ಉಳೀತಾನ, ಅವಗ ಕಂಪನಿ ಬರದುಕೊಡ್ರಿ." ಎಂ.ಡಿ. ನೀರು ಕುಡಿದರು. ನಾನು ಚಾವಣಿಯ ಫ್ಯಾನು ನೋಡಿದೆ. ಬ್ರೂನೋ ಪಟ್ಟಿಯಲ್ಲಿ ಉಳಿಯಿತು.

ಉಳಿದರೆ ಸಾಕೇ? ದೀಪಾವಳಿ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ಮೇಡಂ ಉಗ್ರಾವತಾರ ತಾಳಿ ಪಿಳ್ಳಮ್ಮನ ಮನೆಗೆ ನುಗ್ಗಿದರು, ಹಿಂದೆ ನಾನು. ಪಿಳ್ಳಮ್ಮ ಹೆದರಿಕೊಂಡೇ ಕೂರಿಸಿ, ಟೀ ಮಾಡಿ, ತಟ್ಟೆಯಲ್ಲಿ ನಿಪ್ಪಟ್ಟು ಇಟ್ಟರು. ಬ್ರೂನೋ ತೆವಳಿಕೊಂಡು ಬಂದು ಮೇಡಂ ಕುರ್ಚಿಯ ಮುಂದೆ ಗಲ್ಲ ನೆಲಕ್ಕೆ ಊರಿ, ಕಣ್ಣು ಮಾತ್ರ ಮೇಲೆತ್ತಿ ನೋಡತೊಡಗಿತು. ಲ್ಯಾಬ್ರಡಾರ್ ನೋಡುವ ನೋಟ ಗೊತ್ತಲ್ಲ? ಹುಟ್ಟಿದಾಗಿನಿಂದ ಅನ್ನವನ್ನೇ ಕಾಣದ ಹಾಗೆ.

ಮೇಡಂ ಶುರು ಮಾಡಿದರು. "ಪಿಳ್ಳಮ್ಮಾ, ನಾ ನಿನಗ ಮಾತು ಕೊಟ್ಟೀನಿ, ನನ್ನ ಮಾತು ಮಣ್ಣು ಮಾಡಬ್ಯಾಡ. ಒಂದು ತುತ್ತು ಕೊಡಬಾರದು. ಒಂದು ಚೂರು ಕೊಡಬಾರದು. ಅತ್ತರ ಅಳಲಿ, ಗೋಳಾಡಿದ್ರ ಗೋಳಾಡಲಿ, ಕೊಡಬಾರದು ಅಂದ್ರ ಕೊಡಬಾರದು." ಹೀಗೆನ್ನುತ್ತ ನಿಪ್ಪಟ್ಟು ಮುರಿದರು, ಮೊದಲ ಚೂರು ಬ್ರೂನೋನ ಬಾಯಿಗೆ ಹೋಯಿತು, ಎರಡನೆಯದು ತಮ್ಮ ಬಾಯಿಗೆ.

ನಾನು ಕಣ್ಣುಜ್ಜಿಕೊಂಡೆ. ಪಿಳ್ಳಮ್ಮ ಮೆಲ್ಲಗೆ ಹೇಳಿದರು, "ಈಗ ಕೊಟ್ರಲ್ಲ ಡಾಕ್ಟ್ರಮ್ಮ?"

"ಯಾರು?"

"ನೀವೇಯಾ."

"ನಾ ಎಲ್ಲಿ ಕೊಟ್ಟೆ? ಅದು ನೋಡಾಕ ಹತ್ತಿತ್ತು, ಅದಕ್ಕ..." ಮಾತು ಅಲ್ಲೇ ನಿಂತಿತು. ಬಾಯಲ್ಲಿದ್ದ ನಿಪ್ಪಟ್ಟನ್ನು ಅಗಿಯುವುದೂ ನಿಂತಿತು.

"ಅದೇಯಾ ನಾವೂ ಮಾಡೋದು. ನಾನು ಅದ್ಕೆ ಊಟ ಏನು ಆಕಿಲ್ಲ, ದೇವ್ರಾಣೆಗೂ ಆಕಿಲ್ಲ. ಅಂಗೆ ನೋಡ್ತಾ ಕುಂತಿದ್ರೆ ಕೊಡ್ದೆ ಎಂಗೆ ತಿನ್ನೋದು? ದೃಷ್ಟಿ ಆಗಕಿಲ್ವ? ಒಟ್ಟೆ ನೋವು ಬರ್ತೈತೆ."

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಎದ್ದು ಹೋಗುತ್ತಿದ್ದರು. ಮೇಡಂ ತೊಡೆ ತಟ್ಟಿಕೊಂಡು ನಗತೊಡಗಿದರು. ನಗು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು, ವಿಭೂತಿಯೆಲ್ಲ ಬೆವರಿಗೆ ಇಳಿದು ಮೂಗಿನ ಮೇಲೆ. "ಸಿಕ್ಕಬಿದ್ದ ನೋಡೋ ಕಳ್ಳ! ಅಯ್ಯೋ ನನ್ನ ಶಿವನ, ಯಾರೂ ಸುಳ್ಳು ಹೇಳಿಲ್ಲೋ ತಮ್ಮಾ. ನಾವ ತಪ್ಪು ಕೇಳೀವಿ. ಊಟ ಕೊಟ್ರೇನು ಅಂತ ಕೇಳಿದ್ವಿ. ಇದು ಅವರ ಲೆಕ್ಕದಾಗ ಊಟ ಅಲ್ಲ. ನನ್ನ ಲೆಕ್ಕದಾಗೂ ಅಲ್ಲ!"

ಅಲ್ಲಿಂದ ಎದ್ದವರೇ ಅಪಾರ್ಟ್‌ಮೆಂಟಿನ ಮನೆಮನೆಗೂ ಹೋಗಿ ಹೊಸ ಪ್ರಶ್ನೆ ಕೇಳಿದರು: "ನೀವು ಉಣ್ಣೋವಾಗ ಇದು ಎಲ್ಲಿ ಕುಂತಿರ್ತೈತಿ?" ಅಷ್ಟೇ. ಬೆಳಗಿನ ದೋಸೆಯ ಅಂಚು, ಮಧ್ಯಾಹ್ನದ ಮೊಸರನ್ನ, ಸಂಜೆಯ ಬಜ್ಜಿ, ಎಲ್ಲ ಹೊರಗೆ ಬಂತು. ಅಪ್ಪ ಒಂದು ಚೂರು, ಅಮ್ಮ ಒಂದು ಚೂರು, ಅಜ್ಜಿ ಎರಡು ಚೂರು, ಕೆಲಸದವಳು ಪಾಪ ಅಂತ ಇನ್ನೊಂದು. ಬ್ಯಾಂಕ್ ಮ್ಯಾನೇಜರು, "ಓ, ಅದಾ? ಅದು ದೃಷ್ಟಿಗೆ ಮೇಡಂ, ಅದೂ ಬರ್ಕೋತೀರಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು.

ಕೊಡಬೇಡಿ ಎಂದರೆ ಯಾರೂ ಕೇಳುವವರಲ್ಲ ಎಂದು ಮೇಡಂಗೆ ಈಗ ಖಾತ್ರಿಯಾಗಿತ್ತು. ಅವರ ಕೈಯೇ ಅವರ ಮಾತು ಕೇಳಿರಲಿಲ್ಲವಲ್ಲ. ಮಾರನೆಯ ದಿನ ಮನೆಗೊಂದರಂತೆ ಸಣ್ಣ ಸ್ಟೀಲ್ ಡಬ್ಬಿ ಹಂಚಿಸಿದರು. ದಿನದ ಅಳತೆಯಲ್ಲೇ ಒಂದು ಪಾಲು ತೆಗೆದು ಆ ಡಬ್ಬಿಗೆ ಹಾಕಿ, ಊಟದ ಜಾಗದಲ್ಲಿ ಇಡಬೇಕು. ನಾಯಿ ನೋಡಿತೋ, ಡಬ್ಬಿಯಿಂದ ಒಂದು ಉಂಡೆ ಹಾಕಬೇಕು. ಡಬ್ಬಿ ಖಾಲಿಯಾದರೆ ಆ ದಿನದ ದೃಷ್ಟಿ ಮುಗಿಯಿತು. ಅದಕ್ಕೆ ದೃಷ್ಟಿ ಡಬ್ಬಿ ಎಂದೇ ಹೆಸರಾಯಿತು.

ಎಂ.ಡಿ.ಗೆ ಮೈಯೆಲ್ಲ ಉರಿಯಿತು. "ಮೇಡಂ, ಇದು ಸೈನ್ಸು. ರಿಪೋರ್ಟಿನಲ್ಲಿ ಏನಂತ ಬರೀತೀರಾ?"

"ದೃಷ್ಟಿ ಅಂತನ ಬರೀತೀನ್ರಿ."

"ನಗ್ತಾರೆ!"

"ನಗಲಿ. ನಕ್ಕೋರ ಮನಿಯಾಗ ನಾಯಿ ಇದ್ರ ಅದನ್ನೂ ತೂಗೂಣ." ಇಂಗ್ಲಿಷ್ ಅಕ್ಷರಗಳಲ್ಲಿ ದೃಷ್ಟಿ ಎಂದೇ ಬರೆದರು. ಅಡಿಟಿಪ್ಪಣಿ ಕೂಡ ಹಾಕಲಿಲ್ಲ.

ಆಮೇಲೆ ತಕ್ಕಡಿಯ ಮುಳ್ಳು ನಮ್ಮ ಕಡೆಗೆ ಬಂತು. ಒಂದೊಂದೇ ನಾಯಿ ಹಗುರಾಯಿತು; ನನ್ನ ಸೊಂಟಕ್ಕೂ ನೆಮ್ಮದಿ. ಪಗ್‌ಗೆ ಕುತ್ತಿಗೆ ಎಂಬುದೊಂದು ಇದೆಯೆಂದು ಎಲ್ಲರಿಗೂ ತಿಳಿಯಿತು. ಬ್ರೂನೋ ಕೂಡ ಇಳಿಯುತ್ತಿತ್ತು, ಆದರೆ ಏಳುತ್ತಿರಲಿಲ್ಲ. ಮೇಡಂ ದಿನಾ ಸಂಜೆ ಪಿಳ್ಳಮ್ಮನ ಮನೆಗೆ ಹೋಗಿ ಅದರ ತೊಡೆ ನೀವಿ, ಟವೆಲ್ಲು ಹಿಡಿದು ನಾಲ್ಕು ಹೆಜ್ಜೆ ಹಾಕಿಸಿ ಬರುತ್ತಿದ್ದರು. ಆಫೀಸಿನಲ್ಲಿ ಬೈಯುವುದನ್ನೂ ಕಡಿಮೆ ಮಾಡಿದ್ದರು. ಅವರು ಬೈಯದಿದ್ದರೆ ನನಗೆ ಕೆಲಸವೇ ಓಡುತ್ತಿರಲಿಲ್ಲ. ನಾಯಿ ಕಂಡರೆ ಹೆದರುವ ನಾನೂ ಆ ದಿನಗಳಲ್ಲಿ, ಎದ್ದೇಳೋ ಮಾರಾಯ, ಎಂದು ಅದರ ಮುಂದೆ ಕೂತು ಬೇಡಿಕೊಂಡಿದ್ದೇನೆ.

ದೀಪಾವಳಿಗೆ ಮುಂಚಿನ ಕೊನೆಯ ತೂಕ. ಬೀದಿಯಲ್ಲಿ ಆಗಲೇ ಮಕ್ಕಳು ಒಂದೊಂದು ಪಟಾಕಿ ಹಚ್ಚುತ್ತಿದ್ದರು. ಗುಜರಿಯವನು ತಳ್ಳುಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿದ. ನಾನು ಒಳಗೆ ಬೆಡ್‌ಶೀಟು ಬಿಡಿಸುತ್ತಿದ್ದೆ, ಪಿಳ್ಳಮ್ಮ ಟವೆಲ್ಲು ಹುಡುಕುತ್ತಿದ್ದರು, ಮೇಡಂ ಬಾಗಿಲಲ್ಲಿ ನಿಂತಿದ್ದರು. ಬ್ರೂನೋಗೆ ಆ ಮೆರವಣಿಗೆ ಎಂದರೆ ಪ್ರಾಣ. ಗಾಡಿಯ ಚಕ್ರದ ಕಿರುಗುಟ್ಟುವ ಸದ್ದು ಕೇಳಿದ್ದೇ ತಡ, ಮುಂಗಾಲು ಊರಿತು, ಹಿಂಗಾಲು ಊರಿತು, ಗಡಗಡ ನಡುಗಿತು, ನಿಂತಿತು. ಆಮೇಲೆ ಕುಡುಕನ ಹಾಗೆ ಓಲಾಡುತ್ತ, ನಮ್ಮಲ್ಲಿ ಯಾರನ್ನೂ ಕೇಳದೆ, ಗೇಟು ದಾಟಿ ಗಾಡಿಯ ಪಕ್ಕಕ್ಕೆ ಹೋಗಿ ಹತ್ತಿಸಿ ಎಂದು ಬೊಗಳಿತು.

"ಅಯ್ಯೋ ಮುಂಡೇದೆ! ಇಷ್ಟು ದಿಸ ನನ್ ಕೈಲಿ ಎತ್ತುಸ್ಕಂಡಲ್ಲೋ!" ಎಂದು ಪಿಳ್ಳಮ್ಮ ಬೈಯುತ್ತಲೇ ಅತ್ತರು. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮೇಡಂ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿದರು. ಒರೆಸಿದರು, ಇನ್ನೂ ಒರೆಸಿದರು. ಕೊನೆಗೆ ತಿರುಗದೆಯೇ ಕೂಗಿದರು, "ಏನ್ ನೋಡ್ತಾ ನಿಂತೀಯೋ? ತೂಕ ಬರಕೋ!"

ಇದು ನಡೆದು ಕೆಲವು ವರ್ಷವಾಯಿತು. ನಾನು ಬೇರೆ ಕೆಲಸಕ್ಕೆ ಸೇರಿದೆ, ಮೇಡಂ ಕೆಲಸ ಬಿಟ್ಟು ಮನೆಯಲ್ಲೇ ಉಳಿದರು. ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, "ತೂಕ ಎಷ್ಟೈತಿ ಈಗ?" ಹೆಂಡತಿ ಮಕ್ಕಳ ಕ್ಷೇಮ ಆಮೇಲೆ. ಎದೆನೋವು ಬಂದಿದ್ದನ್ನು ಅವರು ನನಗೆ ಹೇಳಲೇ ಇಲ್ಲ. ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅವರು ಹೋದ ಮೇಲಿನ ಶಿವಗಣಾರಾಧನೆಯ ಊಟ ಅದೇ ಅಪಾರ್ಟ್‌ಮೆಂಟಿನ ಹಾಲಿನಲ್ಲಿ. ಎದುರಿಗೆ ಮೇಜಿನ ಮೇಲೆ ಹಾರ ಹಾಕಿದ ಫೋಟೋ. ಯಾರು ಆರಿಸಿದರೋ, ಕನ್ನಡಕದ ಮೇಲಿಂದ ನೆಟ್ಟಗೆ ನೋಡುವ ಫೋಟೋ ಅದು, ಥೇಟ್ ನನ್ನ ಸಂದರ್ಶನದ ದಿನದ ನೋಟ. ಎಲೆಗೆ ಗೋಧಿ ಹುಗ್ಗಿ ಬಡಿಸಿದರು, ಮೇಲೆ ತುಪ್ಪ. ತುತ್ತು ಎತ್ತಿದೆ, ಗಂಟಲಲ್ಲಿ ಇಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಪಿಳ್ಳಮ್ಮ ಕಾಣಿಸಿದರು. ಪಕ್ಕದಲ್ಲಿ ಬ್ರೂನೋ, ಮೂತಿಯೆಲ್ಲ ನರೆತಿದೆ, ಟವೆಲ್ಲಿಲ್ಲ, ತನ್ನ ನಾಲ್ಕು ಕಾಲಿನ ಮೇಲೆ ತಾನೇ ಮೆಟ್ಟಿಲು ಹತ್ತಿ ಬಂದಿದೆ. ಯಾರೂ ತಡೆಯಲಿಲ್ಲ. ಅದು ಸೀದಾ ನನ್ನ ಮುಂದೆ ಬಂದು ಗಲ್ಲ ಊರಿ ನೋಡತೊಡಗಿತು. ನನ್ನ ಕೈ ತನ್ನಷ್ಟಕ್ಕೆ ತಾನೇ ಹುಗ್ಗಿಯ ಕಡೆ ಹೋಯಿತು.

"ಉಗ್ಗಿ ಆಕ್ಬ್ಯಾಡ ಕಣಪ್ಪ!" ಪಿಳ್ಳಮ್ಮ ಸೊಂಟದಿಂದ ಆ ಸ್ಟೀಲ್ ಡಬ್ಬಿ ತೆಗೆದು ನನ್ನ ಅಂಗೈಗೆ ಒಂದು ಉಂಡೆ ಹಾಕಿದರು. "ಇದಾಕು. ಅಮ್ಮೋರ ಅಳತೆ."

ಹಾಕಿದೆ. ಕಟಕಟ ಸದ್ದಾಯಿತು. ಆ ಸದ್ದು ಎಷ್ಟು ಗುರುತಿನದೆಂದರೆ, ಯಾರೋ ಟೀ ತಂದರೇನೋ ಎಂದು ತಲೆಯೆತ್ತಿ ನೋಡಿದೆ.

ಪಿಳ್ಳಮ್ಮ ಡಬ್ಬಿ ಮುಚ್ಚಲಿಲ್ಲ. ಸೆರಗು ಹೊದ್ದು ಎದುರಿನ ಮೇಜಿನ ಹತ್ತಿರ ಹೋದರು, ಫೋಟೋದ ಮುಂದಿನ ಎಡೆಯಲ್ಲಿ, ಹುಗ್ಗಿಯ ಪಕ್ಕಕ್ಕೆ, ಒಂದು ಉಂಡೆ ಇಟ್ಟರು. ಪಕ್ಕದಲ್ಲಿ ಕೂತಿದ್ದ ಮೇಡಂ ಪತಿ ಏನಿದು ಎಂಬಂತೆ ನೋಡಿದರು.

"ನಾವೆಲ್ಲ ತಿಂತಾ ಇದೀವಿ, ಅಮ್ಮೋರು ನೋಡ್ತಾನೆ ಅವ್ರಲ್ಲ ಸಾಮಿ" ಎಂದರು ಪಿಳ್ಳಮ್ಮ. "ಕೊಡ್ದೆ ಎಂಗೆ ತಿನ್ನೋದು?"

ಆಮೇಲೆ ತುತ್ತು ಇಳಿಯಿತು.